ಆ ಚಪ್ಪಾಳೆಯಲ್ಲಿ ನನ್ನದೂ ಒಂದು

ಬ್ರಿಗೇಡ್ ರೋಡಿನ ಪಕ್ಕದ ಗಲ್ಲಿಯೊಂದರಲ್ಲಿ ಚೌಕಾಸಿ ಮಾಡಿ ಮುನ್ನೂರು ರೂಪಾಯಿಗೆ ಕೊಂಡಿದ್ದ ಕಪ್ಪು ಟೀಶರ್ಟು ಅದು. ಎದೆಯ ಮೇಲೆ ಬಿಳಿ ಗೆರೆಗಳು, ಒಂದರ ಕೆಳಗೊಂದು. ನಡುವೆ ಎದ್ದು ಬಿದ್ದು ಬೆಟ್ಟದ ಸಾಲಿನ ಹಾಗೆ ಕಾಣುತ್ತಿದ್ದವು. ಶಿಡ್ಲಘಟ್ಟದ ಕಡೆಯವನಾದ ನನಗೆ ಅದು ನಂದಿಬೆಟ್ಟವೇ. 2015ರಲ್ಲಿ ಕೆಲಸದ ಮೇಲೆ ಮ್ಯಾಂಚೆಸ್ಟರಿಗೆ ಬಂದಾಗ ಅದೂ ಸೂಟ್‌ಕೇಸಿನಲ್ಲಿ ಬಂತು. ಒಂದು ಶುಕ್ರವಾರ ಅದನ್ನೇ ಹಾಕಿಕೊಂಡು ಆಫೀಸಿಗೆ ಹೋದೆ.

ನನ್ನ ಎದುರಿನ ಮೇಜಿನಲ್ಲಿ ಒಬ್ಬರು ಹಿರಿಯರು ಕೂರುತ್ತಿದ್ದರು. ನನಗಿಂತ ಇಪ್ಪತ್ತಮೂರು ವರ್ಷ ದೊಡ್ಡವರು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರುತ್ತಿರಲಿಲ್ಲ. ಮನಸ್ಸಿನಲ್ಲೇ ಅವರಿಗೆ 'ಯಜಮಾನರು' ಎಂದು ಹೆಸರಿಟ್ಟುಕೊಂಡಿದ್ದೆ. ಮೂರು ತಿಂಗಳಲ್ಲಿ ಅವರು ನನ್ನ ಜೊತೆ ಮಳೆಯ ವಿಷಯ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಆ ಶುಕ್ರವಾರ ಎದ್ದು ಬಂದು, ಕೈಯಲ್ಲಿ ಟೀ ಲೋಟ ಹಿಡಿದು, ನನ್ನ ಎದೆಯನ್ನೇ ನೋಡುತ್ತಾ ನಿಂತರು.

"ನೀನೂ ಅವರ ಅಭಿಮಾನಿಯಾ?"

"ಯಾರ ಅಭಿಮಾನಿ?"

"ಜಾಯ್ ಡಿವಿಷನ್."

"ಅದು ಯಾವ ಕಂಪನಿ?" ಎಂದೆ.

ಯಜಮಾನರು ನಕ್ಕ ನಗೆಗೆ ಲೋಟದ ಟೀ ಚೆಲ್ಲಿತು. ನಾನು ಬೆಟ್ಟ ಅಂದುಕೊಂಡದ್ದು ಬೆಟ್ಟವಲ್ಲ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಗುರುತಿಸಿದ ಮೊಟ್ಟಮೊದಲ ಪಲ್ಸಾರ್ ನಕ್ಷತ್ರದ ರೇಡಿಯೊ ಮಿಡಿತಗಳ ನಕ್ಷೆ ಅದು. ಅದನ್ನೇ ಬಿಳಿ ಗೆರೆಗಳಲ್ಲಿ ಕಪ್ಪು ರಟ್ಟಿನ ಮೇಲೆ ಅಚ್ಚು ಹಾಕಿ, 1979ರ ಜೂನ್‌ನಲ್ಲಿ ಇದೇ ಊರಿನ ನಾಲ್ಕು ಹುಡುಗರು 'ಅನ್‌ನೋನ್ ಪ್ಲೆಷರ್ಸ್' ಎಂಬ ಆಲ್ಬಮ್ ತಂದಿದ್ದರು. ನಲವತ್ತು ವರ್ಷ ಆಗುತ್ತಾ ಬಂದರೂ ಆ ಚಿತ್ರ ಬ್ರಿಗೇಡ್ ರೋಡಿನ ಗಲ್ಲಿಯಲ್ಲಿ ಹ್ಯಾಂಗರಿಗೆ ನೇತು ಹಾಕಿಕೊಂಡಿದೆ. ಆ ಬ್ಯಾಂಡ್ ಆ ಹೆಸರಿನಲ್ಲಿ ಬದುಕಿದ್ದು ಮಾತ್ರ ಎರಡೂವರೆ ವರ್ಷಕ್ಕೂ ಕಡಿಮೆ.

ಅವತ್ತಿನಿಂದ ಮಳೆಯ ಮಾತು ನಿಂತಿತು. ಮಧ್ಯಾಹ್ನ ನಾನು ಚಿತ್ರಾನ್ನದ ಡಬ್ಬಿ ಬಿಚ್ಚಿದರೆ ಅವರು ಸ್ಯಾಂಡ್‌ವಿಚ್ ಬಿಚ್ಚಿಕೊಂಡು ಎದುರಿಗೆ ಕೂರುತ್ತಿದ್ದರು. ನಮ್ಮ ಕಡೆ ಹಳಬರು ಡಾಕ್ಟರ್ ರಾಜ್ ಸಿನಿಮಾದ ಮೊದಲ ದಿನದ ಮೊದಲ ಆಟದ ನೂಕುನುಗ್ಗಲಿನ ಬಗ್ಗೆ ಹೇಳುವಾಗ ಮುಖದಲ್ಲಿ ಒಂದು ಬೆಳಕು ಬರುತ್ತದಲ್ಲ, ಯಜಮಾನರ ಮುಖದಲ್ಲೂ ಅಂಥದೇ ಬೆಳಕು.

ಅವರ ಕತೆ ಯಾವಾಗಲೂ ಶುರುವಾಗುತ್ತಿದ್ದದ್ದು ತಾವು ನೋಡದ ಒಂದು ಕಾರ್ಯಕ್ರಮದಿಂದ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡು ಬಾರಿಸಿತು. ನೋಡಲು ಬಂದವರು ನಲವತ್ತು ಜನರ ಆಸುಪಾಸು. ಆದರೆ 'ನಾನೂ ಅವತ್ತು ಅಲ್ಲಿದ್ದೆ' ಎನ್ನುವವರನ್ನು ಒಟ್ಟು ಸೇರಿಸಿದರೆ ಫುಟ್‌ಬಾಲ್ ಸ್ಟೇಡಿಯಂ ಸಾಲದು ಎಂಬುದು ಆ ಊರಿನ ಹಳೇ ತಮಾಷೆ. "ನಾನು ಇರಲಿಲ್ಲ. ನನಗಾಗ ಹದಿನಾಲ್ಕು. ಅಮ್ಮನ ಪಕ್ಕ ಕೂತು ಟಿವಿ ನೋಡುತ್ತಿದ್ದೆ. ಇದನ್ನು ಒಪ್ಪಿಕೊಳ್ಳುವ ನನ್ನ ವಯಸ್ಸಿನವನು ಈ ಊರಲ್ಲಿ ನಾನೊಬ್ಬನೇ ಇರಬೇಕು" ಎನ್ನುತ್ತಿದ್ದರು.

ಅಲ್ಲಿದ್ದ ನಲವತ್ತರಲ್ಲಿ ಇಬ್ಬರು ಮಾತ್ರ ನಿಜ. ಸಾಲ್‌ಫರ್ಡ್‌ನ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್, ಶಾಲೆಯ ಕಾಲದ ಗೆಳೆಯರು. ವೇದಿಕೆಯ ಮೇಲಿದ್ದವರಿಗೂ ಸರಿಯಾಗಿ ಬಾರಿಸಲು ಬರುವುದಿಲ್ಲ ಎಂಬುದೇ ಅವರಿಗೆ ಧೈರ್ಯ ಕೊಟ್ಟಿತು. ಮರುದಿನವೇ ಹುಕ್ ತಾಯಿಯ ಹತ್ತಿರ ಸಾಲ ಮಾಡಿ ಬೇಸ್ ಗಿಟಾರ್ ಕೊಂಡ. ಆಮೇಲೆ ಮ್ಯಾಕಲ್ಸ್‌ಫೀಲ್ಡ್‌ನಿಂದ ಹಾಡುಗಾರ ಇಯಾನ್ ಕರ್ಟಿಸ್, ಡ್ರಮ್ಮಿಗೆ ಸ್ಟೀಫನ್ ಮೋರಿಸ್ ಸೇರಿಕೊಂಡರು. ಹುಕ್‌ನ ಆಂಪ್ಲಿಫೈಯರ್ ಅಗ್ಗದ್ದು, ಸಮ್ನರ್‌ನ ಗಿಟಾರಿನ ಅಬ್ಬರದ ಮುಂದೆ ತಗ್ಗಿನ ಸ್ವರ ಕೇಳಿಸುತ್ತಲೇ ಇರಲಿಲ್ಲ. ತನ್ನ ಸದ್ದು ತನಗಾದರೂ ಕೇಳಲಿ ಎಂದು ಅವನು ಬೇಸ್ ಗಿಟಾರಿನ ಏರುಸ್ವರಗಳನ್ನೇ ಮೀಟತೊಡಗಿದ. ಈಗ ಜಗತ್ತು ಆ ಬ್ಯಾಂಡಿನ ಗುರುತು ಎನ್ನುವ ಆ ನಾದ ಹುಟ್ಟಿದ್ದು ಒಳ್ಳೆಯ ಸ್ಪೀಕರಿಗೆ ದುಡ್ಡಿಲ್ಲದ ಬಡತನದಿಂದ.

ಯಜಮಾನರು ಅವರನ್ನು ಮೊದಲು ನೋಡಿದ್ದು 1979ರ ಜುಲೈ 13ರಂದು, ಹ್ಯೂಮ್ ಬಡಾವಣೆಯ ರಸಲ್ ಕ್ಲಬ್ಬಿನಲ್ಲಿ. ಅಲ್ಲಿ ನಡೆಯುತ್ತಿದ್ದ ಸಂಗೀತದ ರಾತ್ರಿಗಳಿಗೆ 'ದಿ ಫ್ಯಾಕ್ಟರಿ' ಎಂದು ಹೆಸರು. ಸುತ್ತಲೂ ಕಾಂಕ್ರೀಟಿನ ದೈತ್ಯ ವಸತಿ ಕಟ್ಟಡಗಳು, ಆಗಲೇ ಪಾಳು ಬೀಳುತ್ತಿದ್ದವು. ಹದಿನೇಳು ವರ್ಷದ ಹುಡುಗ, ಹದಿನೆಂಟಾಗಿದೆ ಎಂದು ಬಾಗಿಲಲ್ಲಿ ಸುಳ್ಳು ಹೇಳಿ ಒಳಗೆ ಹೋಗಿದ್ದ. "ಸೂರು ತಗ್ಗು. ನೆಲದ ಮೇಲೆ ಬಿಯರ್ ಚೆಲ್ಲಿ ಬೂಟು ಅಂಟಿಕೊಳ್ಳುತ್ತಿತ್ತು. ವೇದಿಕೆ ನನ್ನ ಮೊಣಕಾಲಿನಷ್ಟು ಎತ್ತರವೂ ಇರಲಿಲ್ಲ. ಡ್ರಮ್ ಶುರುವಾದಾಗ ಮೊದಲು ಗೊತ್ತಾದದ್ದು ಕಿವಿಗಲ್ಲ, ಇಲ್ಲಿಗೆ" ಎಂದು ಎದೆಯ ಗೂಡಿನ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ರೆಕಾರ್ಡಿನಲ್ಲಿ ಕೇಳಿದ್ದಕ್ಕೂ ಎದುರಿಗೆ ಕೇಳಿದ್ದಕ್ಕೂ ಅಜಗಜಾಂತರವಿತ್ತಂತೆ. ಆಲ್ಬಮ್ಮಿನ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಡ್ರಮ್ಮಿನ ಸದ್ದನ್ನು ಬಿಡಿಬಿಡಿಯಾಗಿ ಹಿಡಿದು, ಲಿಫ್ಟಿನ ಸದ್ದು, ಸ್ಪ್ರೇ ಡಬ್ಬಿಯ ಸದ್ದು ಸೇರಿಸಿ, ಇಡೀ ಸಂಗೀತವನ್ನು ಖಾಲಿ ಗೋದಾಮಿನಲ್ಲಿ ನಡೆದಂತೆ ತಣ್ಣಗೆ ಮಾಡಿದ್ದ. ಬ್ಯಾಂಡಿನವರಿಗೇ ಅದು ಮೊದಮೊದಲು ಹಿಡಿಸಿರಲಿಲ್ಲ. ತಮ್ಮ ವೇದಿಕೆಯ ಬೆಂಕಿಯನ್ನು ಈ ಮನುಷ್ಯ ಆರಿಸಿಬಿಟ್ಟ ಎಂದು ಗೊಣಗಿದ್ದರು. "ಎರಡನ್ನೂ ಕೇಳಿದವರು ನಾವು. ರೆಕಾರ್ಡು ಕೇಳಿದವರಿಗೆ ಅದು ಚಳಿಗಾಲದ ಬ್ಯಾಂಡ್. ಆ ಕೋಣೆಯಲ್ಲಿದ್ದವರಿಗೆ ಕುಲುಮೆ" ಎಂದು ಯಜಮಾನರು ಹೇಳುತ್ತಿದ್ದರು.

ಆ ರಾತ್ರಿಯ ಕಾರ್ಯಕ್ರಮವನ್ನು ಯಾರೋ ಟೇಪ್ ಮಾಡಿದ್ದರು. 2007ರಲ್ಲಿ ಆಲ್ಬಮ್ ಮರುಬಿಡುಗಡೆಯಾದಾಗ ಅದನ್ನು ಎರಡನೆಯ ಸಿಡಿಯಾಗಿ ಸೇರಿಸಿದರು. ಯಜಮಾನರು ತಮ್ಮ ಪ್ರತಿಯನ್ನು ನನಗೆ ಕೊಟ್ಟು, "ಹಾಡು ಮುಗಿದ ಮೇಲೆ ಚಪ್ಪಾಳೆ ಬರುತ್ತದಲ್ಲ, ಅದನ್ನು ಗಮನವಿಟ್ಟು ಕೇಳು. ಅದರಲ್ಲಿ ನನ್ನದೂ ಒಂದು" ಎಂದರು.

ಆ ರಾತ್ರಿ ಬಾಡಿಗೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿಜ ಹೇಳಬೇಕೆಂದರೆ ಮೊದಲ ಸಲ ನನಗೆ ಏನೂ ಅನಿಸಲಿಲ್ಲ. ಗದ್ದಲ, ಅದರ ನಡುವೆ ಬಾವಿಯೊಳಗಿಂದ ಮಾತಾಡಿದ ಹಾಗೆ ಒಂದು ದನಿ. ಎರಡನೆಯ ಸಲ ಡ್ರಮ್ ಮಾತ್ರ ಕೇಳಿಸಿತು. ಮೋರಿಸ್‌ನದು ಯಂತ್ರದ ಹಾಗೆ ಒಂದೇ ಸಮನೆ ಹೊಡೆಯುವ ಹೊಡೆತ. ಎಲ್ಲೂ ಉಸಿರಿಗೆ ನಿಲ್ಲುವುದಿಲ್ಲ. ಅದನ್ನು ಕೇಳುತ್ತಾ ಕೇಳುತ್ತಾ ನನಗೆ ನಮ್ಮೂರ ಗಂಗಮ್ಮನ ಜಾತ್ರೆಯ ತಮಟೆ ನೆನಪಾಯಿತು. ಯಾಕೆ ಎಂದು ಆಗ ಹೊಳೆಯಲಿಲ್ಲ.

ಹೊಳೆದದ್ದು ಮಾರನೆಯ ವಾರ. ಯಜಮಾನರು ತಮ್ಮ ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಹಾಕಿ ತೋರಿಸಿದರು. 1979ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯ ಯುವಜನರ ಕಾರ್ಯಕ್ರಮವೊಂದರಲ್ಲಿ ಜಾಯ್ ಡಿವಿಷನ್ ಹಾಡಿದ್ದು. ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಬ್ಯಾಂಕಿನ ಗುಮಾಸ್ತನಂತಿದ್ದ ಹುಡುಗ ಮೈಕಿನ ಮುಂದೆ ನಿಂತಿದ್ದಾನೆ. ಕಣ್ಣು ಎಲ್ಲೋ ನೆಟ್ಟಿದೆ. ಹಾಡಿನ ನಡುವೆ ಇದ್ದಕ್ಕಿದ್ದಂತೆ ಅವನ ಮೊಣಕೈಗಳು ಚರಕ ತಿರುಗಿಸುವ ಹಾಗೆ ತಿರುಗತೊಡಗುತ್ತವೆ. ತಲೆ ಅದುರುತ್ತದೆ, ಕಾಲು ನಿಂತಲ್ಲೇ ಓಡುತ್ತದೆ. ಅದನ್ನು ಕುಣಿತ ಎನ್ನಬೇಕೋ ಬೇರೇನು ಎನ್ನಬೇಕೋ ತಿಳಿಯುವುದಿಲ್ಲ.

"ಇದನ್ನು ನೋಡುವುದಕ್ಕೇ ನಾವು ಹೋಗುತ್ತಿದ್ದದ್ದು. ಅವನು ಯಾವಾಗ ಶುರು ಮಾಡುತ್ತಾನೆ ಎಂದು ಕಾಯುತ್ತಿದ್ದೆವು" ಎಂದರು ಯಜಮಾನರು.

ನಾನು ಏನೂ ಹೇಳಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಇಯಾನ್ ಕರ್ಟಿಸ್ ಅಲ್ಲ, ನಮ್ಮ ಚಿಕ್ಕಪ್ಪ.

ನಮ್ಮದು ರೇಷ್ಮೆ ಬಿಚ್ಚುವ ಮನೆ. ತಾತನ ಕಾಲದಿಂದ ಹಿತ್ತಲಲ್ಲಿ ಚರಕ ಇತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಗೂಡು ತಂದು, ಬಿಸಿನೀರಲ್ಲಿ ಬೇಯಿಸಿ, ಎಳೆ ಹಿಡಿದು ನೂಲು ತೆಗೆಯುವುದು. ಬೆಂದ ಹುಳದ ವಾಸನೆ ನಮ್ಮ ಬಟ್ಟೆಗೂ ಪುಸ್ತಕಕ್ಕೂ ಅಂಟಿಕೊಂಡಿರುತ್ತಿತ್ತು. ಚಿಕ್ಕಪ್ಪ ಅಪ್ಪನ ಕೊನೆಯ ತಮ್ಮ. ಎಳೆ ಹಿಡಿಯುವುದರಲ್ಲಿ ಅವನ ಬೆರಳಿಗೆ ಸಮ ಇರಲಿಲ್ಲ. ಜಾತ್ರೆ ಬಂದರೆ ಕುಣಿಯುವುದರಲ್ಲೂ ಅಷ್ಟೇ. ಹುಲ್ಲು ಉರಿಸಿ ತಮಟೆ ಕಾಯಿಸಿ, ಚರ್ಮ ಬಿಗಿಯಾಗಿ ಮೊದಲ ಏಟು ಬಿದ್ದರೆ ಸಾಕು, ಅವನ ಭುಜ ತಾನಾಗಿ ಎದ್ದುಬಿಡುತ್ತಿತ್ತು. ನಮ್ಮ ಬೀದಿಯ ಹುಡುಗರೆಲ್ಲ ಅವನ ಅಭಿಮಾನಿಗಳು. ಅವನ ಸ್ವಂತ ಅಣ್ಣನ ಮಗನಾದ ನಾನು ಅಭಿಮಾನಿಗಳ ಸಂಘದ ಅಧ್ಯಕ್ಷ.

ನನಗೆ ಒಂಬತ್ತು ವರ್ಷವಿದ್ದಾಗಿನ ಜಾತ್ರೆ. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಗಂಗಮ್ಮನ ಗುಡಿಗೆ ಹೊರಟಿದ್ದರು. ಮುಂದೆ ತಮಟೆ, ತಮಟೆಯ ಮುಂದೆ ಚಿಕ್ಕಪ್ಪ. ಹಿಂದಿನ ಎರಡು ರಾತ್ರಿ ಅವನು ನಿದ್ದೆ ಮಾಡಿರಲಿಲ್ಲ, ಚಪ್ಪರ ಹಾಕುವ ಕೆಲಸ. ಗುಡಿಯ ಮುಂದಿನ ಬಯಲಿಗೆ ಬಂದಾಗ ತಮಟೆಯ ವರಸೆ ಬದಲಾಯಿತು, ಏಟು ಬಿರುಸಾಯಿತು. ಚಿಕ್ಕಪ್ಪ ಸುತ್ತತೊಡಗಿದ. ನಾನು ಕಲ್ಲುಕಟ್ಟೆಯ ಮೇಲೆ ನಿಂತು "ಇನ್ನೂ ಹೊಡೀರಣ್ಣ, ಇನ್ನೂ ಜೋರಾಗಿ" ಎಂದು ಕೂಗುತ್ತಿದ್ದೆ. ಆಗ ಅವನ ಕುಣಿತ ಬೇರೆ ಥರ ಆಯಿತು. ಕೈ ಬಿಗಿದುಕೊಂಡು ಅದುರಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಅವನು ಕಂಬದ ಹಾಗೆ ಬಿದ್ದ. ಬಿದ್ದ ಮೇಲೂ ಮೈ ಕುಣಿಯುತ್ತಲೇ ಇತ್ತು.

"ಅಮ್ಮ ಬಂದ್ಲು, ಅಮ್ಮ ಬಂದ್ಲು" ಎಂದು ಯಾರೋ ಕೂಗಿದರು. ಅರಿಶಿನದ ನೀರು ಎರಚಿದರು, ಬೇವಿನ ಸೊಪ್ಪು ತಂದರು, ಕರ್ಪೂರ ಹಚ್ಚಿದರು. ಒಬ್ಬ ಹೆಂಗಸು ಸೆರಗೊಡ್ಡಿ ಈ ವರ್ಷ ಮಳೆ ಹೆಂಗಮ್ಮ ಎಂದು ಕೇಳಿದಳು. ನನಗಂತೂ ಎದೆ ಉಬ್ಬಿತು. ನಮ್ಮ ಚಿಕ್ಕಪ್ಪನ ಮೈಮೇಲೆ ಗಂಗಮ್ಮ.

ತಮಟೆ ನಿಲ್ಲಿಸಿದವನು ಒಬ್ಬನೇ. ತಮಟೆಯವರಲ್ಲಿ ಎಲ್ಲರಿಗಿಂತ ಹಿರಿಯ. ಕಡ್ಡಿ ಕೆಳಗೆ ಹಾಕಿ ಓಡಿ ಬಂದು ಚಿಕ್ಕಪ್ಪನನ್ನು ಮಗ್ಗುಲಿಗೆ ಹೊರಳಿಸಿದ. ಬಾಯಿಂದ ನೊರೆ ಸೋರಿತು. "ಅಮ್ಮ ಅಲ್ಲ ಸ್ವಾಮಿ, ಇದು ಫಿಟ್ಸು. ನಮ್ಮ ಮನೇಲೂ ಐತೆ" ಎಂದ. ಗುಡಿಯ ಮೆಟ್ಟಿಲು ಹತ್ತಲು ಅಪ್ಪಣೆಯಿಲ್ಲದವನ ಮಾತು ಗುಡಿಯ ಮುಂದೆ ಯಾರು ಕೇಳುತ್ತಾರೆ? ಅಮ್ಮ ಬಂದಾಗ ತಮಟೆ ನಿಲ್ಲಿಸಿದೆಯಲ್ಲೋ ಎಂದು ಅವನಿಗೇ ಬೈದರು. ಬೈದವರಲ್ಲಿ ನಮ್ಮ ತಾತನೂ ಇದ್ದ.

ಯಜಮಾನರಿಗೆ ಇದನ್ನೆಲ್ಲ ಹೇಳಲು ನನಗೆ ಮೂರೂವರೆ ವರ್ಷ ಬೇಕಾಯಿತು. ಹೇಳಿದ್ದು 2019ರ ಮೇ 18ರಂದು, ಶನಿವಾರ. ಅದು ಇಯಾನ್ ತೀರಿಕೊಂಡ ದಿನ. ಪ್ರತಿ ವರ್ಷ ಆ ದಿನ ಯಜಮಾನರು ಮ್ಯಾಕಲ್ಸ್‌ಫೀಲ್ಡಿಗೆ ಹೋಗಿ ಬರುತ್ತಿದ್ದರು. ಆ ಸಲ "ಬರುತ್ತೀಯಾ?" ಎಂದು ನನ್ನನ್ನೂ ಕೇಳಿದರು.

ಮ್ಯಾಂಚೆಸ್ಟರ್ ಪಿಕಡಿಲಿಯಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಸ್ಟಾಕ್‌ಪೋರ್ಟ್ ದಾಟುವಾಗ ಸ್ಟುಡಿಯೋ ಇದ್ದ ದಿಕ್ಕಿಗೆ ಕೈ ತೋರಿಸಿದರು. ಮ್ಯಾಕಲ್ಸ್‌ಫೀಲ್ಡಿನಲ್ಲಿ ಇಳಿದಾಗ ಆಶ್ಚರ್ಯ ಕಾದಿತ್ತು. ಅದು ಇಂಗ್ಲೆಂಡಿನ ಶಿಡ್ಲಘಟ್ಟ! 18ನೇ ಶತಮಾನದಿಂದ ರೇಷ್ಮೆಯ ಊರು. ಅಲ್ಲಿನ ಫುಟ್‌ಬಾಲ್ ತಂಡಕ್ಕೂ 'ರೇಷ್ಮೆಯವರು' ಎಂದೇ ಅಡ್ಡಹೆಸರು. ಪ್ಯಾರಡೈಸ್ ಮಿಲ್ ಎಂಬ ಹಳೆಯ ಕಾರ್ಖಾನೆಯಲ್ಲಿ ಜಕಾರ್ಡ್ ಕೈಮಗ್ಗಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಗೂಡು ಬೇಯಿಸುವ ವಾಸನೆ ಇನ್ನೂ ಇದೆ, ಅವರಲ್ಲಿ ಉಳಿದಿರುವುದು ಮ್ಯೂಸಿಯಂ. ಹಾಡು ಬರೆದ ಹುಡುಗನೂ ರೇಷ್ಮೆಯ ಊರಿನವನು, ಕುಣಿದ ನಮ್ಮ ಚಿಕ್ಕಪ್ಪನೂ ರೇಷ್ಮೆಯ ಊರಿನವನು ಎಂಬ ಕಾಕತಾಳೀಯವೇ ನನ್ನ ಬಾಯಿ ಬಿಡಿಸಿತೇನೋ.

ಊರಿನ ಸ್ಮಶಾನದಲ್ಲಿ ಇಯಾನ್‌ದು ದೊಡ್ಡ ಸಮಾಧಿಯೇನಲ್ಲ. ದಾರಿಯಂಚಿನ ಕಟ್ಟೆಗೆ ಕೂರಿಸಿದ ಪುಟ್ಟ ಕಲ್ಲು. ಹೆಸರು, ತಾರೀಖು, ಅವನ ಅತಿ ಜನಪ್ರಿಯ ಹಾಡಿನ ಶೀರ್ಷಿಕೆ. ಮೊದಲಿದ್ದ ಕಲ್ಲನ್ನು 2008ರಲ್ಲಿ ಯಾರೋ ಕದ್ದರು, ಇದು ಬದಲಿಗೆ ಇಟ್ಟದ್ದು. ಅದರ ಮೇಲೆ ನಾಣ್ಯ, ಹೂವು, ಗಿಟಾರ್ ಮೀಟುವ ಪ್ಲಾಸ್ಟಿಕ್ ಚೂರುಗಳು. ನಮ್ಮ ನಾಗರಕಲ್ಲುಗಳ ಮುಂದೆ ಇಟ್ಟ ಹಾಗೆಯೇ. ಏಳೆಂಟು ಜನ ಸುತ್ತ ನಿಂತಿದ್ದರು. ಎಲ್ಲ ಅರವತ್ತರ ಆಚೀಚೆಯವರು, ಯಜಮಾನರಿಗೆ ಮುಖ ಪರಿಚಯ. ಯಾರೂ ಅತ್ತಂತೆ ಕಾಣಲಿಲ್ಲ. ನೀನು ಯಾವುದಕ್ಕೆ ಹೋಗಿದ್ದೆ, ಅವತ್ತು ಎಷ್ಟು ಚಳಿಯಿತ್ತು, ವಾಪಸು ಬರಲು ಬಸ್ಸು ಸಿಗದೆ ಎಷ್ಟು ದೂರ ನಡೆದೆವು ಎಂದು ಮಾತಾಡಿಕೊಳ್ಳುತ್ತಿದ್ದರು. ಅಕ್ಟೋಬರ್‌ನಲ್ಲಿ ಅಪೊಲೊ ಥಿಯೇಟರಿನಲ್ಲಿ ಬಜ್‌ಕಾಕ್ಸ್ ಬ್ಯಾಂಡಿಗಿಂತ ಮೊದಲು ಇವರು ಬಾರಿಸಿದಾಗ, ಮುಖ್ಯ ಬ್ಯಾಂಡೇ ಸಪ್ಪೆಯಾಗಿ ಕಂಡಿತು ಎಂದು ಒಬ್ಬರು. ಇಲ್ಲ, ಅಷ್ಟೇನಿಲ್ಲ ಎಂದು ಇನ್ನೊಬ್ಬರು. ನಲವತ್ತು ವರ್ಷದ ಜಗಳ.

ಅವರೆಲ್ಲ ಹೋದ ಮೇಲೆ ಬೆಂಚಿನ ಮೇಲೆ ಕೂತು ನಾನು ಚಿಕ್ಕಪ್ಪನ ವಿಷಯ ಹೇಳಿದೆ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಆಫೀಸಿನಲ್ಲಿ ಎಂದೂ ಹೇಳದ ಅರ್ಧ ಕತೆಯನ್ನು ಹೇಳಿದರು.

ಇಯಾನ್ ಮ್ಯಾಕಲ್ಸ್‌ಫೀಲ್ಡಿನ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ಅವನ ಹೊಣೆ. ಅಲ್ಲಿಗೆ ಮೂರ್ಛೆರೋಗವಿದ್ದ ಒಬ್ಬ ಹುಡುಗಿ ಕೆಲಸ ಕೇಳಿಕೊಂಡು ಬರುತ್ತಿದ್ದಳು. ಕೆಲವು ದಿನ ಕಾಣಲಿಲ್ಲ. ಕೆಲಸ ಸಿಕ್ಕಿರಬೇಕು ಅಂದುಕೊಂಡಿದ್ದವನಿಗೆ, ಅವಳು ಮೂರ್ಛೆ ಬಂದೇ ತೀರಿಹೋದಳು ಎಂದು ಗೊತ್ತಾಯಿತು. ಅವಳನ್ನು ನೆನೆದು ಒಂದು ಹಾಡು ಬರೆದ. ಹೆಚ್ಚು ದಿನವಾಗಿರಲಿಲ್ಲ, 1978ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಬ್ಯಾಂಡಿನ ಮೊದಲ ಕಾರ್ಯಕ್ರಮ ಮುಗಿಸಿ ಕಾರಿನಲ್ಲಿ ವಾಪಸು ಬರುವಾಗ ಅವನಿಗೇ ಮೂರ್ಛೆ ಬಂತು. ಮುಂದಿನ ತಿಂಗಳು ವೈದ್ಯರು ಅಪಸ್ಮಾರ ಎಂದು ಖಚಿತ ಮಾಡಿದರು. ಅಂದರೆ ಯಜಮಾನರು ಅವನನ್ನು ಫ್ಯಾಕ್ಟರಿಯಲ್ಲಿ ನೋಡುವ ಹೊತ್ತಿಗೆ ಅವನು ಆರು ತಿಂಗಳಿಂದ ಮಾತ್ರೆ ನುಂಗುತ್ತಿದ್ದ.

"ಅವನು ಮೊದಲಿನಿಂದಲೂ ಹಾಗೇ ಕುಣಿಯುತ್ತಿದ್ದ, ಕಾಯಿಲೆಯೇ ಕುಣಿತ ಅಲ್ಲ" ಎಂದರು ಯಜಮಾನರು. "ಆದರೆ ಆಮೇಲಾಮೇಲೆ ಕುಣಿತ ಎಲ್ಲಿ ಮುಗಿಯಿತು, ಕಾಯಿಲೆ ಎಲ್ಲಿ ಶುರುವಾಯಿತು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದು ಬೇಕಾಗಿಯೂ ಇರಲಿಲ್ಲ."

1980ರ ಏಪ್ರಿಲ್ 4ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಮಿಣುಕು ದೀಪಗಳ ನಡುವೆ ಅವನಿಗೆ ವೇದಿಕೆಯ ಮೇಲೇ ಮೂರ್ಛೆ ಬಂತು. ಡ್ರಮ್ಮಿನ ಮೇಲೆ ಹೋಗಿ ಬಿದ್ದ. ಅದೂ ಪ್ರದರ್ಶನದ ಭಾಗವೇ ಎಂದುಕೊಂಡವರು ಜನರಲ್ಲಿದ್ದರು. ಅದೇ ರಾತ್ರಿ ಅವನು ಇನ್ನೊಂದು ಕ್ಲಬ್ಬಿನಲ್ಲೂ ಹಾಡಬೇಕಿತ್ತು. ಹಾಡಿದ. ಅಲ್ಲೂ ಬಿದ್ದ. ಅದಾದ ಎರಡು ಮೂರು ದಿನಕ್ಕೆ ಮಾತ್ರೆಗಳನ್ನು ಅತಿಯಾಗಿ ನುಂಗಿ ಆಸ್ಪತ್ರೆ ಸೇರಿದ. ಏಪ್ರಿಲ್ 8ರಂದು ಬರಿ ಪಟ್ಟಣದ ಡರ್ಬಿ ಹಾಲಿನಲ್ಲಿ ಕಾರ್ಯಕ್ರಮವಿತ್ತು, ಟಿಕೆಟ್ಟುಗಳು ಮಾರಾಟವಾಗಿದ್ದವು. ರದ್ದು ಮಾಡಲಿಲ್ಲ. ಅವನನ್ನು ಆಸ್ಪತ್ರೆಯಿಂದಲೇ ಕರೆತಂದರು. ಅವನು ಹಾಡಿದ್ದು ಎರಡೇ ಹಾಡು. ಉಳಿದದ್ದನ್ನು ಬೇರೆ ಬ್ಯಾಂಡಿನ ಹಾಡುಗಾರರು ಹಾಡಿ ತೂಗಿಸಲು ನೋಡಿದರು. ಜನಕ್ಕೆ ಸಿಟ್ಟು ಬಂತು. ವೇದಿಕೆಯತ್ತ ಬಾಟಲಿ ತೂರಿ ಬಂತು, ಹೊಡೆದಾಟವಾಯಿತು.

"ನಾನು ಅಲ್ಲಿದ್ದೆ. ಬಾಟಲಿ ಎಸೆದವನು ನಾನಲ್ಲ. ಆದರೆ ಕೂಗಿದವರಲ್ಲಿ ನಾನೂ ಒಬ್ಬ. ಅವನನ್ನು ಕರೆಸಿ, ಅವನನ್ನು ಕರೆಸಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ದುಡ್ಡು ಕೊಟ್ಟಿದ್ದೆನಲ್ಲ" ಎಂದರು.

ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಮೇ 2ರಂದು ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಕೊನೆಯ ಕಾರ್ಯಕ್ರಮ. ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನಾದಿನ, ಇಯಾನ್ ತನ್ನ ಜೀವ ತಾನೇ ತೆಗೆದುಕೊಂಡ. ಇಪ್ಪತ್ತಮೂರು ವರ್ಷ. ಹೆಂಡತಿ, ಒಂದು ವರ್ಷದ ಮಗಳು. ಮುರಿದುಬೀಳುತ್ತಿದ್ದ ಸಂಸಾರ, ಕಾಯಿಲೆ, ಆ ಕಾಲದ ಮಾತ್ರೆಗಳು ಮನಸ್ಸಿನ ಮೇಲೆ ಮಾಡುತ್ತಿದ್ದ ಹಾವಳಿ, ನಿದ್ದೆಯಿಲ್ಲದ ಓಡಾಟ. ಇಂಥದೇ ಕಾರಣ ಎಂದು ಒಂದಕ್ಕೆ ಬೊಟ್ಟು ಮಾಡಲಾಗದು. ನಾಲ್ವರಲ್ಲಿ ಯಾರೇ ಬಿಟ್ಟುಹೋದರೂ ಆ ಹೆಸರನ್ನು ಮುಂದುವರಿಸಬಾರದು ಎಂದು ಅವರು ಮೊದಲೇ ಮಾತಾಡಿಕೊಂಡಿದ್ದರಂತೆ. ಉಳಿದ ಮೂವರು ಮಾತು ಉಳಿಸಿಕೊಂಡರು. ನ್ಯೂ ಆರ್ಡರ್ ಎಂಬ ಬೇರೆ ಹೆಸರಿನಲ್ಲಿ ಶುರು ಮಾಡಿದರು.

"ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ರಾತ್ರಿಗಳು ಬರಲಿಲ್ಲ. ಮದುವೆಯಾಯಿತು, ಮಕ್ಕಳಾದರು, ಆದರೂ ಬರಲಿಲ್ಲ" ಎಂದು ಯಜಮಾನರು ಕಲ್ಲಿನತ್ತ ನೋಡಿಕೊಂಡೇ ಹೇಳಿದರು. "ಅದೇ ತೊಂದರೆ. ಅವು ಕೆಟ್ಟ ನೆನಪಾಗಿದ್ದರೆ ಮರೆತುಬಿಡಬಹುದಿತ್ತು."

ನನಗೆ ತಮಟೆಯ ಹಿರಿಯ ನೆನಪಾದ. ಸುತ್ತ ನಿಂತ ಊರಿಗೆ ಊರೇ ಅಮ್ಮನನ್ನು ನೋಡುತ್ತಿದ್ದಾಗ, ಕುಣಿಯುವವನನ್ನು ನೋಡುತ್ತಿದ್ದವನು ತಾಳ ಕೊಡುವವನೊಬ್ಬನೇ. ರೇನ್‌ಬೋದಲ್ಲೂ ಹಾಗೇ ಆಯಿತೇನೋ. ಅವನನ್ನು ಎತ್ತಿಕೊಂಡು ಒಳಗೆ ಹೋದವರು ಜೊತೆಯಲ್ಲಿ ಬಾರಿಸುತ್ತಿದ್ದವರೇ. ಆದರೆ ಅವರೂ ಇಪ್ಪತ್ತೆರಡು ಇಪ್ಪತ್ತನಾಲ್ಕರ ಹುಡುಗರು. ಅವನೇ 'ಏನಿಲ್ಲ, ಸರಿಯಾಗಿದ್ದೇನೆ' ಎನ್ನುತ್ತಿದ್ದ, ನಾವು ನಂಬಿದೆವು, ನಂಬುವುದೇ ನಮಗೆ ಅನುಕೂಲವಾಗಿತ್ತು ಎಂಬರ್ಥದಲ್ಲಿ ಅವರು ಆಮೇಲೆ ಹೇಳಿಕೊಂಡಿದ್ದಾರೆ.

ಚಿಕ್ಕಪ್ಪನ ಕತೆ ಹಾಗೆ ಮುಗಿಯಲಿಲ್ಲ. ಜಾತ್ರೆಯಾದ ಮಾರನೆಯ ವರ್ಷ ಅವನು ಚರಕದ ಮುಂದೆ ಕೂತಿದ್ದಾಗಲೇ ಬಿದ್ದ. ಬಲಗೈ ಗೂಡು ಬೇಯಿಸುವ ಕುದಿನೀರಿಗೆ ಇಳಿಯಿತು. ಎತ್ತಿದವಳು ನಮ್ಮಮ್ಮ. ಕುದಿನೀರಿನ ಮುಂದೆ ಯಾವ ದೇವರೂ ಮೈಮೇಲೆ ಬರುವುದಿಲ್ಲವೆಂದು ತಾತನಿಗೂ ಅರ್ಥವಾಯಿತು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಕೈಗೆ ಪಟ್ಟಿ ಕಟ್ಟಿ, ಬೆಂಗಳೂರಿನ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು. ಅಲ್ಲಿಂದ ಮಾತ್ರೆ ಶುರುವಾಯಿತು. ಇವತ್ತಿಗೂ ತಪ್ಪಿಸಿಲ್ಲ. ರಾತ್ರಿ ಒಂಬತ್ತೂವರೆಗೆ ಮಲಗಬೇಕು, ಬಾವಿಯ ಹತ್ತಿರ ಒಬ್ಬನೇ ಹೋಗಬಾರದು, ಗಾಡಿ ಓಡಿಸಬಾರದು. ಬೆರಳು ಸೆಟೆದುಕೊಂಡದ್ದರಿಂದ ಎಳೆ ಹಿಡಿಯುವ ಕೆಲಸ ಹೋಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಚಿಲ್ಲರೆ ಅಂಗಡಿ ಇಟ್ಟ. ತಡವಾಗಿ ಮದುವೆಯಾದ, ಇಬ್ಬರು ಮಕ್ಕಳು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಫಿಟ್ಸು ಬಂದಿಲ್ಲ. ಕುಣಿದೂ ಇಲ್ಲ. ಜಾತ್ರೆಯ ದಿನ ಅಂಗಡಿಯ ಕಟ್ಟೆಯ ಮೇಲೆ ನಿಂತು ಮೆರವಣಿಗೆ ನೋಡಿ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಿ ಮಲಗುತ್ತಾನೆ.

ಅವನಿಗೆ ನಾನು ಹೇಳಬೇಕಾದ ಒಂದು ಮಾತಿತ್ತು. ಇಪ್ಪತ್ತೈದು ವರ್ಷ ಹೇಳಿರಲಿಲ್ಲ. ಮ್ಯಾಕಲ್ಸ್‌ಫೀಲ್ಡಿನಿಂದ ವಾಪಸು ಬರುವ ರೈಲಿನಲ್ಲಿ ಹೇಳಬೇಕು ಅನಿಸಿತು. ಆ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಯಜಮಾನರ ಸಿಡಿಯಲ್ಲಿದ್ದದ್ದನ್ನು ಮೊಬೈಲಿಗೆ ಹಾಕಿಕೊಂಡು ಹೋಗಿದ್ದೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಚಿಕ್ಕಪ್ಪನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ.

"ಏನಪ್ಪಾ ಇದು, ಮಿಕ್ಸಿ ಓಡ್ದಂಗೈತೆ" ಎಂದ. ತೆಗೆಯಲು ಕೈ ಎತ್ತಿದವನು ಹಾಗೇ ನಿಂತ. ಡ್ರಮ್ ಶುರುವಾಗಿರಬೇಕು. ಸೆಟೆದ ಬೆರಳಿನ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು ಏಟೂ ತಪ್ಪಲಿಲ್ಲ. ಹಾಡು ಮುಗಿಯುವ ತನಕ ನಾನು ಆ ಕೈಯನ್ನೇ ನೋಡುತ್ತಿದ್ದೆ.

ಆಮೇಲೆ ಇಯಾನ್ ಬಗ್ಗೆ ಹೇಳಿದೆ. ಚಿಕ್ಕದಾಗಿ, ನಮ್ಮ ಮಾತಿನಲ್ಲಿ. ರೇಷ್ಮೆ ಊರಿನ ಹುಡುಗ, ಒಳ್ಳೇ ಹಾಡುಗಾರ, ನಿನ್ನ ಹಾಗೇ ಫಿಟ್ಸು, ವೇದಿಕೆ ಮೇಲೇ ಬರೋದು, ಜನ ಕುಣಿತ ಅಂದುಕೊಳ್ಳೋರು, ಇಪ್ಪತ್ತಮೂರಕ್ಕೇ ಹೋಗಿಬಿಟ್ಟ. ಹೇಳುತ್ತಾ ಹೇಳುತ್ತಾ ನನ್ನ ಮಾತನ್ನೂ ಹೇಳಿಬಿಟ್ಟೆ. "ಚಿಕ್ಕಪ್ಪ, ಅವತ್ತು ಜಾತ್ರೇಲಿ ಇನ್ನೂ ಜೋರಾಗಿ ಹೊಡೀರಿ ಅಂತ ಕೂಗ್ತಿದ್ದೋನು ನಾನೇ."

ಚಿಕ್ಕಪ್ಪ ನಕ್ಕ. "ನೀನೊಬ್ನೇನಾ? ಊರೆಲ್ಲಾ ಕೂಗಿರ್ಬೇಕು. ನಂಗೇನು ಗೊತ್ತು? ಅವತ್ತು ನೀವೆಲ್ಲಾ ನೋಡಿದ್ರಿ. ನೋಡ್ದೇ ಇದ್ದೋನು ನಾನೊಬ್ನೇ." ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಚೆನ್ನಾಗಿ ಕುಣೀತಿದ್ನಾ?"

"ಊರಲ್ಲಿ 'ನಾನೂ ನೋಡಿದೀನಿ' ಅಂತ ಈಗ್ಲೂ ಹೇಳ್ತಾರೆ ಚಿಕ್ಕಪ್ಪ. ಆಗ ಹುಟ್ಟಿಲ್ದೇ ಇದ್ದೋರೂ ಹೇಳ್ತಾರೆ" ಎಂದೆ. ಅದು ಸುಳ್ಳಲ್ಲ.

ಅವನು ಇಯರ್‌ಫೋನಿನ ವೈರನ್ನು ನೂಲು ಸುತ್ತುವ ಹಾಗೆ ಬೆರಳಿಗೆ ಸುತ್ತಿ ನನ್ನ ಕೈಗೆ ಕೊಟ್ಟ. ಏನೋ ಲೆಕ್ಕ ಹಾಕುವವನಂತೆ ರಸ್ತೆ ನೋಡುತ್ತಾ ಕೂತ.

"ಆ ಹುಡ್ಗ ಮಾತ್ರೆ ತಗೋತಿದ್ನಾ?"

"ತಗೋತಿದ್ದ."

"ನಿದ್ದೆ?"

"ಊರೂರು ಸುತ್ತಿ ರಾತ್ರಿಯೆಲ್ಲ ಹಾಡ್ತಿದ್ರು. ನಿದ್ದೆ ಎಲ್ಲಿ ಬಂತು?"

"ಹಂಗಾದ್ರೆ ಮಾತ್ರೆ ಏನು ಮಾಡುತ್ತೆ?" ಎಂದ ಚಿಕ್ಕಪ್ಪ. "ಸಾಕು, ಮಲಿಕ್ಕೋ ಹೋಗು ಅನ್ನೋರು ಒಬ್ರಾದ್ರೂ ಇರ್ಬೇಕಾಗಿತ್ತು."

ಅಷ್ಟರಲ್ಲಿ ಚಿಂತಾಮಣಿ ಬಸ್ಸು ಬಂತು. ಗಿರಾಕಿಗಳು ಇಳಿದರು. ಚಿಕ್ಕಪ್ಪ ಎದ್ದು ಸೋಡಾ ಬಾಟಲಿ ಒರೆಸತೊಡಗಿದ.